ಕೊಸರು

ನುವಾದಿಬುವಿನ ಮೀನು ಬಂದರಿಗೆ ಬೆನ್ನು ಹಾಕಿದ ಗಲ್ಲಿಯಲ್ಲಿ
ಬಾಗಿಲಿನಷ್ಟೇ ಅಗಲದ ಅಂಗಡಿ ನನ್ನದು.
ಎರಡು ಕೀಲಿ ಉದುರಿದ ಲ್ಯಾಪ್‌ಟಾಪು,
ಉಗುರಿಗಿಂತ ಸಣ್ಣ ಮೆಮರಿ ಕಾರ್ಡುಗಳು,
ಮರಳು ನುಗ್ಗದಂತೆ ಹೊಸ್ತಿಲಿಗೊಂದು ಒದ್ದೆ ಗೋಣಿ.
ಹಾಡಿಗೆ ಐದು ಉಗಿಯಾ.
ಹತ್ತು ಕೊಂಡರೆ ಒಂದು ಕೊಸರು.

ಹತ್ತು ನಿಮ್ಮಿಷ್ಟ, ಕೊಸರು ನನ್ನಿಷ್ಟ.
ಅದೇ ಕರಾರು.

ಹದಿನೈದು ದಿನ ಕಡಲಿಗೆ ಹೋಗುವವರು ಬರುತ್ತಾರೆ.
ಹಾಡಿನ ಹೆಸರು ಗೊತ್ತಿರುವುದಿಲ್ಲ.
‘ಹೀಗೆ ಶುರುವಾಗುತ್ತೆ’ ಎಂದು ಗಂಟಲು ಸರಿಮಾಡಿ ಗುನುಗುತ್ತಾರೆ,
ಶ್ರುತಿ ಒಂದು ಕಡೆ, ತಾಳ ಇನ್ನೊಂದು ಕಡೆ.
ನಾನು ಅವರ ಮೊಣಕಾಲು ನೋಡುತ್ತೇನೆ.
ಬಾಯಿ ತಪ್ಪಿದರೂ ಮೊಣಕಾಲು ತಪ್ಪುವುದಿಲ್ಲ.

ಕೇಳಿದ್ದನ್ನೇ ಕೇಳುತ್ತಾರೆ ಜನ.
ಡಾಕರಿನ ರ‍್ಯಾಪ್ ಬೇಕೆಂದ ಹುಡುಗನಿಗೆ ಕೊಸರಿಗೆ
ಒಂಟೆ ಕಾಯುವ ಮುದುಕನೊಬ್ಬನ ಒಂಟಿ ತಂತಿ ಹಾಕಿದೆ.
ಬೈದುಕೊಂಡು ಹೋದ.
ಎರಡು ವಾರ ಬಿಟ್ಟು ಬಾಗಿಲಲ್ಲಿ ನಿಂತ:
‘ಆ ಮುದುಕನದು ಇನ್ನೂ ಇದೆಯಾ?’
ಮದುವೆಮನೆ ಕೀಬೋರ್ಡಿನ ಹುಚ್ಚಿನ ಬಿರಾಮನಿಗೆ
ಕಾಂಗೋದ ಗಿಟಾರು ಕೊಟ್ಟೆ.
ಅವನ ಟ್ಯಾಕ್ಸಿ ಈಗ ತಿರುವಿನಲ್ಲಿ ಸೊಂಟ ಕುಲುಕುತ್ತದೆ.

ಚೀನೀ ಹಡಗಿನ ಅಡುಗೆಯವ ಲಿನ್,
ದುಡ್ಡಿನ ಬದಲು ತನ್ನೂರಿನ ಗೊಂಬೆಯಾಟದ ಪದ ಕೊಟ್ಟ.
ಜಾಗಟೆ, ಆಮೇಲೆ ಎಳೆದೆಳೆದು ಒಂದು ಕೊರಳು.
ಮೊದಲ ಸಲ, ಯಾರೋ ಬೆಕ್ಕು ತುಳಿದರು ಅಂದುಕೊಂಡೆ.
ನಾಲ್ಕನೇ ಸಲಕ್ಕೆ ಬೆಕ್ಕಿನ ದುಃಖ ತಿಳಿಯಿತು.

ಆಲ್ಬಮ್ಮೂ ಉಂಟು.
ಹನ್ನೆರಡು ಕೋಣೆಯ ಮನೆ
ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬರುವಾಗ ಏಳೇ ಕೋಣೆ,
ಬಚ್ಚಲಿನ ಮೂಲಕ ಪಡಸಾಲೆಗೆ ದಾರಿ.
ಇಷ್ಟಾದರೂ ಯಾರೋ ಅಲ್ಲಿ ವಾಸವಿದ್ದರು
ಅನ್ನುವುದು ಗೊತ್ತಾಗುತ್ತದೆ.

ಹೋದ ರಂಜಾನಿನಲ್ಲಿ ಒಂದು ಹಳೇ ಕಾರ್ಡು ಬಂತು.
‘ಎಲ್ಲ ಅಳಿಸು, ಹೊಸದು ತುಂಬು.’
ಅಳಿಸುವ ಮುಂಚೆ ಇಣುಕುವುದು ನನ್ನ ಚಟ.
ಟ್ರ್ಯಾಕ್ ಏಳು. ಕಲಾವಿದರು: ಗೊತ್ತಿಲ್ಲ.
ಒಂದು ಹೆಣ್ಣು ದನಿ, ನನಗೆ ಬಾರದ ನುಡಿ,
ಅಡಿಯಲ್ಲಿ ಡ್ರಮ್ಮು, ಧಪ್, ಧಪ್,
ನಾಲ್ಕಕ್ಕೊಂದು ಪೆಟ್ಟು ತಡವಾಗಿ,
ಬೀಳಲೋ ಬೇಡವೋ ಎಂದು ಯೋಚಿಸಿ ಬಿದ್ದಂತೆ.
ಎಂಥ ಕೈ ಅಂತೀನಿ!
ಕರಾರು ಕೆಟ್ಟಿತು.
ಅಲ್ಲಿಂದಾಚೆ ಎಲ್ಲರ ಕೊಸರೂ ಅದೇ.
ಬಲೆ ಹೊಲಿಯುವಲ್ಲಿ, ಐಸ್ ಒಡೆಯುವಲ್ಲಿ, ಕ್ಷೌರದಂಗಡಿಯಲ್ಲಿ.

ಜೆನೆಬಾ ಬಂದಳು, ಮುಂಗೈಗೆ ಮೀನಿನ ಹುರುಪೆ ಅಂಟಿದ ಹಾಗೇ.
‘ಆ ಹಾಡು ಎಲ್ಲಿಂದ?’
‘ಯಾರದೋ ಗೊತ್ತಿಲ್ಲ.’
‘ನನಗೆ ಗೊತ್ತು. ನಮ್ಮ ಚಿಕ್ಕಮ್ಮ ಹಾತೂಮಾ.
ಸೆಲಿಬಾಬಿ ಹತ್ತಿರ ನಮ್ಮ ಅಂಗಳ, ಅಣ್ಣನ ಮೊದಲ ಫೋನು.
ಅದು ಡ್ರಮ್ಮಲ್ಲ ಮಾರಾಯ, ಒನಕೆ.
ಸಜ್ಜೆ ಕುಟ್ಟೋಕೆ ಮಕ್ಕಳನ್ನ ಎಬ್ಬಿಸೋ ಪದ.
ಏಳು, ಏಳು ಅಂತಾಳೆ, ಅಷ್ಟೆ.
ತಡವಾಗಿ ಬೀಳುತ್ತಲ್ಲ, ಅದು ನಾನು.
ನಿದ್ದೆಗಣ್ಣು.’

ಇದ್ದೊಂದು ಸ್ಟೂಲು ಅವಳಿಗೆ ಬಿಟ್ಟು ಎದ್ದು ನಿಂತೆ.
‘ಅಳಿಸಲೇ?’
ಮುಂಗೈಯ ಹುರುಪೆ ಕೆರೆದಳು. ಒಂದು ಬಂತು, ಇನ್ನೊಂದು ಬರಲಿಲ್ಲ.
‘ಅಳಿಸಿದರೆ ಹೋಗುತ್ತಾ?
ನಿನ್ನೆ ಟ್ಯಾಕ್ಸಿಲಿ ಕೇಳಿದೆ. ಕೆಳಗೆ ಯಾರೋ ಗಿಟಾರು ಸೇರಿಸಿದಾರೆ,
ಸೇರಿಸಲಿ.
ನನ್ನ ತಡಾನ ಸರಿಮಾಡಿಬಿಟ್ಟಿದಾರೆ.
ಅದು ತಪ್ಪು.’

ಹಣ ಬೇಡವೆಂದೆ. ಐವತ್ತು ಉಗಿಯಾ ಎಣಿಸಿದಳು, ಒದ್ದೆ ನೋಟು.
ಹತ್ತು ಹಾಡು ಅವಳೇ ಆರಿಸಿದಳು, ಬೇಗ ಬೇಗ,
ಸಂತೆಯಲ್ಲಿ ಈರುಳ್ಳಿ ಆರಿಸುವವರ ಹಾಗೆ.
ಹನ್ನೊಂದನೆಯದಕ್ಕೆ ನನ್ನ ಕೈ ತಡವಾಯಿತು.
ಇವಳಿಗೆ ಏನು ಕೊಡುವುದು?
ಲಿನ್‌ನ ಜಾಗಟೆ ಹಾಕಿದೆ.

ಅಲ್ಲೇ ಕಿವಿಗಿಟ್ಟು ಮುಖ ಕಿವುಚಿದಳು.
‘ಬೆಕ್ಕಾ?’

‘ನಾಲ್ಕು ಸಲ ಕೇಳು’ ಅಂದೆ.